ಗೇಟಿನ ಎಡಗಡೆಯ ಸೈಪ್ರೆಸ್

"ಸ್ಮಶಾನದ ಗೇಟಿನ ಸೈಪ್ರೆಸ್ ಮರಕ್ಕೆ ಶಿಲೀಂಧ್ರ ಹತ್ತಿದೆ, ಈ ಚಳಿಗಾಲ ದಾಟುವುದಿಲ್ಲ, ಕಡಿಯಬಹುದು" ಎಂದು, ಪುರಸಭೆ ತೊಗಟೆಯ ಚೂರಿನ ಜೊತೆ ಕಳಿಸಿದ್ದ ಹಾಳೆಯಲ್ಲಿ ಬರೆದು ಪ್ರೊಫೆಸರ್ ಗ್ವಾಲ್ತಿಯೆರೊ ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಒಣಮಾದರಿಗಳ ಕಪಾಟು ನೋಡಿಕೊಳ್ಳುವ ಫೋಸ್ಕಾ ಹಳದಿಗಟ್ಟಿದ ಕಾಗದದ ಪೊಟ್ಟಣವೊಂದನ್ನು ತಂದು ಮುಂದಿಟ್ಟಳು. ಅದೇ ಮರದ ಹಳೆಯ ಪೊಟ್ಟಣ ಇದೆಯೇ ಎಂದು ಹುಡುಕದೆ ಅವಳು ಹೊಸ ಮಾದರಿಗೆ ನಂಬರು ಕೊಡುವವಳಲ್ಲ.

"ಮೊದ್ಲು ಇದನ್ನ ಓದಿ ಪ್ರೊಫೆಸರ್ರೇ. ಆಮೇಲೆ ಬೇಕಾದ್ರೆ ಕಡಿಸಿ."

ಒಳಗೆ ಉಗುರಿನಷ್ಟು ತೊಗಟೆ, ಅದರ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಶಿಲೀಂಧ್ರದ ಚುಕ್ಕೆಗಳು. ಚೀಟಿಯಲ್ಲಿ ಹೀಗಿತ್ತು: "೧೯೭೯. ಪೊಜ್ಜೊಲುಂಗೊ ಸ್ಮಶಾನ, ಗೇಟಿನ ಎಡಗಡೆಯ ಸೈಪ್ರೆಸ್. ಬರುವ ಬೇಸಿಗೆಯನ್ನು ಈ ಮರ ಕಾಣುವುದಿಲ್ಲ."

"ಯಾವನಮ್ಮಾ ಈ ಜ್ಯೋತಿಷಿ?" ಪ್ರೊಫೆಸರು ನಕ್ಕರು.

"ಕೆಳಗೆ ಸಹಿ ನೋಡಿ."

ಸಹಿ ಅವರದೇ.

"ಆಗ ನಿಮ್ಗೆ ತಲೆ ತುಂಬ ಕೂದ್ಲಿತ್ತಂತೆ," ಎಂದಳು ಫೋಸ್ಕಾ. "ಕೂದ್ಲು ಹೋಯ್ತು, ಮರ ಮಾತ್ರ ಹಂಗೇ ನಿಂತಿದೆ."

ಅವರು ಬೋಳುತಲೆ ಸವರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪುರಸಭೆಯ ಹಾಳೆಯನ್ನೇ ಮಡಿಸಿ, ಹೊಸ ತೊಗಟೆಯ ಚೂರನ್ನು ಅದರೊಳಗಿಟ್ಟು ಪೊಟ್ಟಣ ಕಟ್ಟಿ, ಮೇಲೆ ಬರೆದರು: "ಗೇಟಿನ ಎಡಗಡೆಯ ಸೈಪ್ರೆಸ್. ಮರ ಬದುಕಿದೆ."