ದುರ್ಗಿ ದಾಟಿದ ಮನೆಗಳು

"ಊರ ಮಕ್ಕಳಿಗೆಲ್ಲಾ ಸುರದಿ, ನನ್ನ ಮಗಳಿಗೇನ್ ಉಳಿಸಿದಿ ಯವ್ವಾ?" ಕಸ್ತೂರಿ ಅಂಗನವಾಡಿಯ ಅಂಗಳದಲ್ಲೇ ತಾಯಿಯ ಮೇಲೆ ಹರಿಹಾಯ್ದಳು.

ಕಲಿಸಿದ್ದು ಕಲಿಸಿದವರ ತಲೆಯಿಂದ ಹೋಗಿಬಿಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಸ್ತೂರಿ ತನ್ನದನ್ನೆಲ್ಲ ಹಿರಿಮಗನಿಗೆ ಕೊಟ್ಟು ಬರಿದಾಗಿದ್ದಳು. ಅಂಗನವಾಡಿ ನಡೆಸುವ ತಾಯಿ ಶಿವವ್ವನ ಅಕ್ಷರಗಳು ಊರಿನ ಮಕ್ಕಳ ಪಾಲಾಗಿದ್ದವು. ಮೊಮ್ಮಗಳಿಗೆಂದೇ ಕಾದಿಟ್ಟಿದ್ದ ಹತ್ತು ಅಂಕಿಗಳನ್ನು ಇಂದು ಕುಂಟಾಬಿಲ್ಲೆಯ ಮನೆಗಳಲ್ಲಿ ಬರೆದು, ಕೂಗಿ ಹೇಳುತ್ತಾ ಆಡಿಸಹೊರಟಿದ್ದಳು. ಮೊಮ್ಮಗಳು ಬಿಲ್ಲೆ ಹುಡುಕುತ್ತಿರುವಾಗ ತಾಯಿಯಿಲ್ಲದ ದುರ್ಗಿ ಶಿವವ್ವನ ಕೂಗಿಗೆ ಹತ್ತೂ ಮನೆ ಕುಂಟಿ ದಾಟಿ, ಹತ್ತೂ ಅಂಕಿ ಕಲಿತುಬಿಟ್ಟಿದ್ದಳು. ಈಗ ಆ ಗೆರೆಗಳು ಶಿವವ್ವನಿಗೆ ಬರೀ ಗೀಚು.

"ಬಾಯಿ ಮುಚ್ಚಿದ್ರ ಸಾಕಿತ್ತಲ್ಲ!"

"ಆ ಕೂಸು ನಗಾಕತ್ತಿತ್ತು ಕಸ್ತೂರಿ. ಹೆಂಗ್ ಮುಚ್ಚಲಿ?"

"ಹಂಗಾರ ಅದನ್ನ ಮೊಮ್ಮಗಳು ಅಂತ ಕರಕೋ."

ಕಸ್ತೂರಿ ಮಗಳ ರಟ್ಟೆ ಹಿಡಿದೆಳೆದುಕೊಂಡು ಹೊರಟಳು. ಆಮೇಲೆ ಅವಳೂ ಅವಳ ಮಗಳೂ ಆ ಅಂಗಳ ತುಳಿಯಲೇ ಇಲ್ಲ.