ಕಿಂಡಿಯ ಕಸೂತಿ

ಸಾಂಕ್ರಾಮಿಕ ಬಂದು ಧಾರವಾಡದ ಜನ ಮನೆಯೊಳಗೇ ಉಳಿದು ಒಂಬತ್ತು ವರ್ಷವಾಗಿತ್ತು. ಕಸೂತಿ ಹಾಕುವ ನೀಲವ್ವನಿಗೂ ಪಕ್ಕದ ಮನೆಯ ಚೆನ್ನಕ್ಕನಿಗೂ ಜೊತೆಗೂಡಿ ಹೊಲಿಯಲು ನಡುಗೋಡೆಯಲ್ಲಿ ಒಂದಡಿ ಕಿಂಡಿಯ ಪರವಾನಗಿ ಸಿಕ್ಕಿತ್ತು. ಅದಕ್ಕೆ ಉಸಿರು ದಾಟಗೊಡದ ಬಟ್ಟೆ ಬಿಗಿದಿದ್ದರು. ನೀಲವ್ವ ಇತ್ತಿಂದ ಆ ಬಟ್ಟೆಗೆ ಸೂಜಿ ಚುಚ್ಚಿದರೆ ಚೆನ್ನಕ್ಕ ಅತ್ತಿಂದ ಮರಳಿಸುತ್ತಿದ್ದಳು. ಗಂಟು ಹಾಕದೆ, ಎಳೆ ಎಣಿಸಿ ಹೊಲಿಯಬೇಕು. ಎರಡೂ ಬದಿ ಒಂದೇ ಥರ ಕಾಣಬೇಕು. ಕೆಲಸ ಮುಗಿದ ಮರುದಿನ ಕಿಂಡಿ ಮುಚ್ಚುವುದು ನಿಯಮ.

ಈಗ ಕಸೂತಿಯ ಗೋಪುರಕ್ಕೆ ಒಂದೇ ಹೊಲಿಗೆ ಬಾಕಿಯಿತ್ತು.

“ನಾಳಿ ಕಿಂಡಿ ಮುಚ್ಚಾಕ ಗೌಂಡಿ ಬರ್ತಾನಂತ, ಅಕ್ಕಾ,” ಎಂದಳು ನೀಲವ್ವ.

“ಬರಲಿ ಬಿಡವಾ. ನಿನ್ನ ಹರಟಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ.”

ಸೂಜಿ ಮರಳಿ ಬಂತು. ನೀಲವ್ವ ಎಳೆ ಎಣಿಸಿದಳು. ನಾಲ್ಕರ ಬದಲು ಐದು. ನಲವತ್ತು ವರ್ಷ ಕಸೂತಿ ಹಾಕಿದ ಚೆನ್ನಕ್ಕನ ಕೈ ಒಮ್ಮೆಯೂ ತಪ್ಪಿದ್ದಿಲ್ಲ.

“ಅಕ್ಕಾ, ಒಂದು ಎಳಿ ಹೆಚ್ಚಾಗೇತಲ್ಲ?”

“ಹೌದೇನು? ವಯಸ್ಸಾತು ನೋಡು. ಇನ್ನ ಇಡೀ ಗೋಪುರ ಬಿಚ್ಚಬೇಕಲ್ಲವಾ.”

ಆ ಒಂದು ಹೊಲಿಗೆ ಬಿಚ್ಚಿದ್ದರೆ ಸಾಕಿತ್ತು.

“ಹೂಂ ಅಕ್ಕಾ, ಬಿಚ್ಚಲೇಬೇಕು,” ಎಂದ ನೀಲವ್ವ ದಾರ ಎಳೆಯತೊಡಗಿದಳು.