ಏನೂ ಇಲ್ಲ

ಈಗಲೂ ಸ್ಪಿರಿಟ್ ವಾಸನೆ ಬಂದರೆ ಭದ್ರಾವತಿ ಹಳೇನಗರದ ಡಾಕ್ಟರ ಕೋಣೆ ಕಣ್ಣಿಗೆ ಬರುತ್ತದೆ. ನನಗಾಗ ಎಂಟು ವರ್ಷ. ತಮ್ಮ ಹುಟ್ಟಿ ಐದು ತಿಂಗಳಾದರೂ ಅಮ್ಮ ಚಾಪೆ ಬಿಟ್ಟಿರಲಿಲ್ಲ, ತಲೆಗೂದಲು ಗಂಟುಗಟ್ಟಿತ್ತು. ಸೋಮಾರಿ ಎಂದು ಅಜ್ಜಿ ದಿನಾ ಬೈಯುತ್ತಿದ್ದಳು. ಅಜ್ಜಿ ಅವಳನ್ನು ತವರಿಗೆ ಅಟ್ಟುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕೆಂದು ಅಪ್ಪ ಹಟ ಹಿಡಿದಿದ್ದರಿಂದ ಬಂದಿದ್ದೆವು.

"ಮನಸ್ಸಿಗೆ ಬೇಜಾರೇನಮ್ಮ?" ಡಾಕ್ಟರು ಅಮ್ಮನನ್ನು ಕೇಳಿದರು.

"ಬೇಜಾರೂ ಇಲ್ಲ. ಏನೂ ಇಲ್ಲ," ಅಮ್ಮ ಗೋಡೆ ನೋಡುತ್ತಾ ಹೇಳಿದಳು.

"ಕೇಳಿದ್ರಾ? ಏನೂ ಇಲ್ವಂತೆ!" ಅಜ್ಜಿ ಸೆರಗು ಕೊಡವಿ ಎದ್ದಳು. "ನಡಿಯೇ ಮಾರಾಯ್ತಿ."

ಡಾಕ್ಟರು ಅಮ್ಮನನ್ನೇ ನೋಡುತ್ತಿದ್ದರು. "ಮಗು ಅತ್ರೆ?"

"ಕೇಳ್ಸುತ್ತೆ. ಏಳಕ್ಕಾಗಲ್ಲ."

ಡಾಕ್ಟರು ಅಜ್ಜಿಯ ಕಡೆ ತಿರುಗಿದರು. "ಇದು ಕಾಯಿಲೆ, ಅಜ್ಜಿ. ಔಷಧಿ ಕೊಡ್ತೀನಿ."

ಅಜ್ಜಿ ನಿಂತಲ್ಲೇ ನಿಂತಳು. "ಅವಳಿಗೆ ಕೊಡಿ," ಎಂದಳು. "ನಾನು ಬೈದಿದ್ದಕ್ಕೆ ಏನು ಕೊಡ್ತೀರಿ?"